ವಜ್ರಘೋಷ: ನೊಂದವರ ಕೋಪವನ್ನು ಕುರಿತು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಪಾರ್ಶ್ವನಾಥ ಸ್ವಾಮಿಯ ಬಿಂಬಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಕ್ರೋಧ ಕಷಾಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ನಾನು ಎರಡು ದಿನ ಒಪ್ಪಿಕೊಳ್ಳಲಿಲ್ಲ. ನಾನು ವಿದ್ವಾಂಸನಲ್ಲ, ಕಾಗಾಲದ ಗಜನಿಯ ದಂಡೆಯಲ್ಲಿ ಬಾಳಿದ ಒಬ್ಬ ಸಾಮಾನ್ಯ ಶ್ರಾವಕ. ಆದರೆ ಕೋಪದ ವಿಷಯದಲ್ಲಿ ನನಗಿರುವಷ್ಟು ಅನುಭವ ಈ ಸಭೆಯಲ್ಲಿ ಬಹುಜನರಿಗೆ ಇರಲಾರದು. ಇರದಿರಲಿ ಎಂದೇ ಹಾರೈಸುತ್ತೇನೆ.

ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಮಳೆಗಾಲದ ರಾತ್ರಿ, ನಾವು ಪಯಣಿಸುತ್ತಿದ್ದ ವಾಹನ ಘಟ್ಟದ ತಿರುವಿನಲ್ಲಿ ಕಮರಿಗೆ ಉರುಳಿತು. ತಗಡಿನಡಿಯಲ್ಲಿ ನನ್ನ ಕಾಲು ಸಿಕ್ಕಿಕೊಂಡಿತ್ತು. ನನ್ನ ತಮ್ಮ ಮೂರು ಮಾರು ದೂರದಲ್ಲಿ, ಕತ್ತಲಲ್ಲಿ, ನನ್ನನ್ನು ಕೂಗುತ್ತಿದ್ದ. ಬೆಳಗಾಗುವ ಮೊದಲೇ ಆ ಕೂಗು ನಿಂತಿತು.

ಕಾಲು ಆರು ತಿಂಗಳಲ್ಲಿ ಗುಣವಾಯಿತು. ಆ ಬಳಿಕ ನನ್ನೊಳಗೆ ಬಂದು ನೆಲೆಸಿದ್ದು ಕೋಪ. ಬಾಗಿಲು ಬಡಿದರೆ ಕೋಪ. ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಕೋಪ. ಒಂದು ಸಂಜೆ ನಾಲ್ಕು ವರ್ಷದ ಮಗಳ ಕೈಯಿಂದ ಹಿತ್ತಾಳೆಯ ತಂಬಿಗೆ ಜಾರಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಆ ಸದ್ದಿಗೂ ನನ್ನ ಕೈ ಅವಳ ಕೆನ್ನೆಗೆ ತಾಗಿದ್ದಕ್ಕೂ ನಡುವೆ ಏನಾಯಿತೆಂಬುದು ನನಗೆ ಇಂದಿಗೂ ನೆನಪಿಲ್ಲ. ‘ಜೈನನಾಗಿ ಹುಟ್ಟಿ ಇಷ್ಟು ಕೋಪವೇ?’ ಎಂದು ನೆಂಟರು ಅಂದರು. ನಾನೂ ಹಾಗೆಯೇ ಅಂದುಕೊಂಡೆ. ಬಸದಿಗೆ ಹೋಗುವುದನ್ನು ಬಿಟ್ಟೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಅದೇ ಗ್ರಂಥವು ಕಷಾಯದ ವಾಸನೆ ಎಷ್ಟು ಕಾಲ ನಿಲ್ಲುತ್ತದೆಂಬುದನ್ನೂ ಹೇಳುತ್ತದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಎಣಿಕೆಯಿಲ್ಲದ ಭವಗಳು. ಇದನ್ನು ಓದಿ ನನ್ನದು ಕಲ್ಲಿನ ಗೆರೆಯೇ ಸರಿ ಎಂದು ತೀರ್ಮಾನಿಸಿಕೊಂಡಿದ್ದೆ. ಸ್ವಾಧ್ಯಾಯ ಮಾಡಿಸುತ್ತಿದ್ದ ಹಿರಿಯರೊಬ್ಬರು ಮನೆಗೆ ಬಂದು, ‘ನೀನು ಕಮಠನ ಕಥೆಯನ್ನು ಓದಿದ್ದೀಯೆ, ಮರುಭೂತಿಯ ಕಥೆಯನ್ನು ಓದಿಲ್ಲ’ ಎಂದರು.

ಕಥೆ ತಮಗೆಲ್ಲರಿಗೂ ತಿಳಿದದ್ದೇ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿದೆ, ಕನ್ನಡದಲ್ಲಿ ಹದಿಮೂರನೆಯ ಶತಮಾನದ ಪಾರ್ಶ್ವಪಂಡಿತನು ಪುರಾಣವನ್ನೇ ರಚಿಸಿದ್ದಾನೆ. ತಪ್ಪು ಮಾಡಿದವನು ಅಣ್ಣ ಕಮಠ. ಆದರೂ ತಮ್ಮ ಮರುಭೂತಿಯೇ ಕ್ಷಮೆ ಬೇಡಲು ಹೋದ. ಕಮಠನು ಎತ್ತಿ ಹಿಡಿದಿದ್ದ ಬಂಡೆಯನ್ನು ಅವನ ತಲೆಯ ಮೇಲೆ ಹಾಕಿದ. ನಾವು ಕಥೆ ಹೇಳುವವರು ಇಲ್ಲಿಂದ ಅವಸರವಸರವಾಗಿ ಉಪಸರ್ಗಕ್ಕೂ ಧರಣೇಂದ್ರನ ಹೆಡೆಗೂ ಹೋಗಿಬಿಡುತ್ತೇವೆ. ನಡುವೆ ಒಂದು ಆನೆಯಿದೆ. ಆರ್ತಧ್ಯಾನದಲ್ಲಿ ಸತ್ತ ಮರುಭೂತಿ ಸಲ್ಲಕೀ ವನದಲ್ಲಿ ವಜ್ರಘೋಷವೆಂಬ ಆನೆಯಾಗಿ ಹುಟ್ಟಿದ. ಮುಂದೆ ತೀರ್ಥಂಕರನಾಗಲಿರುವ ಜೀವ, ಯಾವ ತಪ್ಪನ್ನೂ ಮಾಡದೆ ಪೆಟ್ಟು ತಿಂದ ಜೀವ, ದಾರಿಹೋಕರ ಮೇಲೆ ನುಗ್ಗುವ ಮದದಾನೆಯಾಯಿತು! ನೊಂದವನು ಸಾಧುವಾಗಿಯೇ ಇರುತ್ತಾನೆಂದು ನಮ್ಮ ಆಚಾರ್ಯರು ಬರೆಯಲಿಲ್ಲ.

ಸಮ್ಮೇದಗಿರಿಗೆ ಹೊರಟ ಸಾರ್ಥದ ಮೇಲೆ ಆ ಆನೆ ಎರಗಿತು. ಅಲ್ಲಿದ್ದ ಅರವಿಂದ ಮುನಿಗಳು ಹಿಂದೆ ಮರುಭೂತಿಯ ಅರಸರಾಗಿದ್ದವರು. ಅವರ ಎದೆಯ ಶ್ರೀವತ್ಸವನ್ನು ಕಂಡು ಆನೆಗೆ ಹಿಂದಿನದು ನೆನಪಾಯಿತು, ಅದು ನಿಂತಿತು. ಮುನಿಗಳು ಅದನ್ನು ಗದರಲಿಲ್ಲ. ಅದು ಯಾರೆಂಬುದನ್ನು ತಿಳಿದು ಧರ್ಮ ಹೇಳಿದರು, ಶ್ರಾವಕವ್ರತ ಕೊಟ್ಟರು.

ಹಿರಿಯರ ಮಾತಿನಿಂದಲೇ ನಾನು ವೈದ್ಯರ ಬಳಿಗೂ ಹೋದೆ. ಘೋರವಾದುದನ್ನು ಕಂಡ ಮೆದುಳಿನಲ್ಲಿ ಅಪಾಯ ಸೂಚಿಸುವ ಭಾಗವು ವಿಚಾರಕ್ಕಿಂತ ಮೊದಲೇ ಎಚ್ಚರಗೊಳ್ಳುತ್ತದೆ, ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ದೇಹ ಕಾದಾಟಕ್ಕೆ ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಯುದ್ಧದಿಂದ ಮರಳಿದ ಸೈನಿಕರಲ್ಲಿಯೂ ಇದನ್ನು ಕಂಡಿದ್ದಾರಂತೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಈ ಆಘಾತೋತ್ತರ ವ್ಯಾಧಿಗೆ ತನ್ನ ಕೈಪಿಡಿಯಲ್ಲಿ ಹೆಸರಿಟ್ಟಿತು. ಆಗ ನನಗೆ ತಿಳಿದದ್ದಿಷ್ಟು: ಮೊದಲ ಕಿಡಿ ನನ್ನ ಕೈಯಲ್ಲಿಲ್ಲ, ಗೆರೆ ಎಷ್ಟು ಕಾಲ ನಿಲ್ಲಬೇಕೆಂಬುದು ಬಹುಮಟ್ಟಿಗೆ ನನ್ನ ಕೈಯಲ್ಲಿದೆ. ಇದನ್ನು ನೆಪವಾಗಿ ಬಳಸುವವರೂ ಇದ್ದಾರೆ. ಮಗುವಿನ ಕೆನ್ನೆಗೆ ಬಿದ್ದ ಪೆಟ್ಟಿಗೆ ಮಾತ್ರ ಕಾರಣ ತಿಳಿಯುವುದಿಲ್ಲ, ನೋವಷ್ಟೇ ತಿಳಿಯುತ್ತದೆ.

ಆದುದರಿಂದ ಮನೆಯಲ್ಲಿ ಎರಡು ನಿಯಮ ಮಾಡಿಕೊಂಡೆವು. ಕಿವಿ ಬಿಸಿಯಾದೊಡನೆ, ಒಂದು ಮಾತನ್ನೂ ಆಡದೆ, ನಾನು ಗಜನಿಯ ಕಟ್ಟೆಯ ಮೇಲೆ ನಡೆದು ಬರುವುದು. ನನ್ನಾಕೆ ಹಿಂದಿನಿಂದ ಕೂಗದಿರುವುದು. ಎರಡನೆಯದು, ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಕೂರುವಾಗ, ಯಾರಿಗೆ ನೋಯಿಸಿದ್ದೇನೋ ಅವರಲ್ಲಿ ಹೆಸರು ಹಿಡಿದು ಕ್ಷಮೆ ಕೇಳದೆ ತುತ್ತು ಎತ್ತದಿರುವುದು. ಅವರು ಕ್ಷಮಿಸಲೇಬೇಕೆಂಬ ನಿಯಮ ಮಾಡಲಿಲ್ಲ. ಕ್ಷಮಾವಣಿಯ ದಿನ ನೊಂದವರನ್ನು ಹಿಡಿದು ‘ಎಲ್ಲ ಮರೆತುಬಿಡು’ ಎಂದು ಒತ್ತಾಯಿಸುವ ನಮ್ಮ ಅಭ್ಯಾಸ ನನಗೆ ಸರಿಕಂಡಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಶೋಧ ಸೆಪ್ಟೆಂಬರಿನವರೆಗೂ ನಡೆಯಿತು. ಆ ದಿನಗಳಲ್ಲಿ ನನ್ನ ಹಳೆಯ ರಾತ್ರಿ ಮರಳಿ ಬಂತು. ಕಟ್ಟೆಯ ಮೇಲೆ ದಿನಕ್ಕೆ ಮೂರು ಬಾರಿ ನಡೆದೆ. ಇಂಥ ದುರಂತಗಳಲ್ಲಿ ತಮ್ಮವರನ್ನು ಕಳೆದುಕೊಂಡವರು ವರ್ಷದ ಮೇಲೂ ಸಿಡುಕಿದರೆ, ದಯವಿಟ್ಟು ಅವರ ಸ್ವಭಾವವನ್ನು ಆಡಿಕೊಳ್ಳಬೇಡಿ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲಿಯೇ, ಖರ್ಚಿಲ್ಲದೆ, ಮಾತನಾಡಬಹುದು. ವೈದ್ಯರಲ್ಲಿಗೆ ಹೋಗುವುದರಿಂದ ಯಾವ ವ್ರತವೂ ಕೆಡುವುದಿಲ್ಲ.

ವಜ್ರಘೋಷವು ವ್ರತ ಪಡೆದ ಬಳಿಕ ಒಣಗಿದ ಎಲೆಗಳನ್ನು ತಿಂದು, ಬೇರೆ ಆನೆಗಳು ಕಲಕಿದ ನೀರನ್ನಷ್ಟೇ ಕುಡಿದು, ನೋಡಿ ನೋಡಿ ಹೆಜ್ಜೆಯಿಟ್ಟಿತಂತೆ. ಅದರ ದೇಹವೇನೂ ಚಿಕ್ಕದಾಗಲಿಲ್ಲ.

ನನ್ನ ಮಗಳಿಗೆ ಈಗ ಮಕ್ಕಳಿದ್ದಾರೆ. ಕಳೆದ ದೀಪಾವಳಿಗೆ ಬಂದಿದ್ದಾಗ ಅವಳ ಕೈಯಿಂದ ಒಂದು ಪಾತ್ರೆ ಜಾರಿತು. ಪಾತ್ರೆಯನ್ನು ಎತ್ತಿಕೊಳ್ಳುವ ಮೊದಲು ಅವಳು ನನ್ನ ಮುಖವನ್ನು ನೋಡಿದಳು. ನಾನು ಕುಳಿತಲ್ಲಿಯೇ ಕುಳಿತಿದ್ದೆ. ಅವಳು ಪಾತ್ರೆ ಎತ್ತಿಕೊಂಡಳು. ಆ ಸಂಜೆಯೂ, ಊಟಕ್ಕೆ ಮೊದಲು, ಅವಳಲ್ಲಿ ಕ್ಷಮೆ ಕೇಳಿದೆ.