ಸಭೆಗೆ ಬಾರದವಳ ಮನೆಗೆ ಹೋಗೋಣ

(ಕತ್ತಲಗೆರೆಯಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣ)



ನಿಮ್ಮ ಪ್ರತಿಯೊಂದು ಗುಂಪಿನಲ್ಲೂ ಒಂದು ಹಾಜರಿ ಪುಸ್ತಕವಿದೆ. ಯಾರು ಸಭೆಗೆ ಬಂದರು, ಯಾರು ಬರಲಿಲ್ಲ, ಎಷ್ಟು ಉಳಿತಾಯ ಕಟ್ಟಿದರು, ಎಷ್ಟು ಸಾಲ ತೆಗೆದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬ್ಯಾಂಕಿನವರು ಅದನ್ನು ಲೆಕ್ಕಕ್ಕಾಗಿ ನೋಡುತ್ತಾರೆ. ಅದೇ ಪುಸ್ತಕವನ್ನು ಇನ್ನೊಂದು ದೃಷ್ಟಿಯಿಂದ ನೋಡಿರೆಂದು ಕೇಳಲು ನಾನು ಬಂದಿದ್ದೇನೆ. ಊರಿನಲ್ಲಿ ಯಾವ ಹೆಣ್ಣುಮಗಳು ಅಪಾಯದಲ್ಲಿದ್ದಾಳೆ ಎಂಬುದು ಪೊಲೀಸ್ ಠಾಣೆಗಿಂತ ಮೊದಲು ತಿಳಿಯುವುದು ಆ ಪುಸ್ತಕದಿಂದ.

ಒಬ್ಬಳು ಮೂರು ವಾರ ಬರಲಿಲ್ಲ ಎನ್ನಿ. ದಂಡ ಹಾಕುತ್ತೇವೆ, ಅಡಿಕೆ ಸುಲಿಯುವ ಕಾಲ, ಕೆಲಸವಿರಬೇಕು ಎಂದು ಸುಮ್ಮನಾಗುತ್ತೇವೆ. ಇನ್ನೊಬ್ಬಳ ಸಾಲದ ಹಣ ಅವಳ ಕೈಯಲ್ಲಿ ನಿಲ್ಲುವುದಿಲ್ಲ, ಬಾಗಿಲಲ್ಲಿ ಕಾದ ಗಂಡನ ಜೇಬು ಸೇರುತ್ತದೆ. ಪಿಂಚಣಿ ಬಂದ ದಿನವೇ ಒಬ್ಬ ಅಜ್ಜಿ ಪಕ್ಕದ ಮನೆಯಲ್ಲಿ ಊಟ ಕೇಳುತ್ತಾಳೆ. ಇದೆಲ್ಲ ನಮ್ಮ ಕಣ್ಣಿಗೆ ಬೀಳುತ್ತದೆ. ‘ಅವರ ಮನೆ ವಿಷಯ, ನಮಗ್ಯಾಕೆ’ ಎಂದು ಮುಖ ತಿರುಗಿಸುತ್ತೇವೆ.

ಈ ಮಾತಿಗೆ ಹೆಣ್ಣುಮಕ್ಕಳು ಜೀವ ತೆತ್ತಿದ್ದಾರೆ. 1979ರಲ್ಲಿ ಆರಂಭವಾದ ಬೆಂಗಳೂರಿನ ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು 1990ರ ದಶಕದಲ್ಲಿ ಸುಟ್ಟಗಾಯದ ವಾರ್ಡುಗಳಿಗೆ ಹೋಗಿ ಎಳೆಯ ಗೃಹಿಣಿಯರ ಸಾವುಗಳ ಹಿಂದೆ ಬಿದ್ದರು. ‘ಸ್ಟೌ ಸಿಡಿದು ಸಾವು’ ಎಂದು ಬರೆದು ಮುಚ್ಚಿದ ಕಡತಗಳ ಬಗ್ಗೆ ಪ್ರಶ್ನೆ ಎತ್ತಿದರು. ಸಾಯುವ ಮೊದಲು ಆ ಹೆಣ್ಣುಮಕ್ಕಳ ಪಕ್ಕದಲ್ಲಿ ನೆರೆಮನೆಗಳಿರಲಿಲ್ಲವೇ? ಗೋಡೆಯಾಚೆಗೆ ಕೂಗು ಕೇಳಿಸಿರಲಿಲ್ಲವೇ?

ಕಾನೂನು ನಮ್ಮಲ್ಲಿ ಇಲ್ಲದಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯ 1983ರಲ್ಲಿ ಅಪರಾಧವಾಯಿತು. ವರದಕ್ಷಿಣೆ ಸಾವಿನ ಕಲಮು 1986ರಲ್ಲಿ ಬಂತು. 2024ರ ಜುಲೈ 1ರಿಂದ ಇವೆರಡೂ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 80ನೇ ಕಲಮುಗಳಲ್ಲಿವೆ. ಆದರೆ ಶಿಕ್ಷೆ ಬರುವುದು ಪೆಟ್ಟು ಬಿದ್ದ ಮೇಲೆ, ಹೆಣ ಎತ್ತಿದ ಮೇಲೆ. ಅದಕ್ಕೂ ಮೊದಲೇ ಹಿಡಿದುಕೊಳ್ಳಲು ಇರುವುದು 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಅದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ.

ಈ ಕಾಯಿದೆಯಲ್ಲಿ ಹೊಡೆತ ಮಾತ್ರವಲ್ಲ. ಹೀನ ಬೈಗುಳ, ಲೈಂಗಿಕ ಹಿಂಸೆ, ಖರ್ಚಿಗೆ ಕೊಡದಿರುವುದು, ಅವಳ ಒಡವೆ ಮಾರುವುದು ಎಲ್ಲವೂ ದೌರ್ಜನ್ಯವೇ. ಹೆಂಡತಿಗಷ್ಟೇ ಅಲ್ಲ, ತಾಯಿಗೂ, ಅಕ್ಕತಂಗಿಯರಿಗೂ ಇದರ ರಕ್ಷಣೆಯಿದೆ. ಮನೆ ಯಾರ ಹೆಸರಿನಲ್ಲೇ ಇರಲಿ, ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳದು. ನಾಲ್ಕನೇ ಕಲಮಿನಂತೂ ನೀವೆಲ್ಲ ಬಾಯಿಪಾಠ ಮಾಡಬೇಕು: ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಹೊರಿಸುವಂತಿಲ್ಲ. ‘ನಮಗ್ಯಾಕೆ’ ಎಂಬುದಕ್ಕೆ ಕಾನೂನು ಕೊಟ್ಟ ಉತ್ತರ ಇದು.

ಸಂರಕ್ಷಣಾಧಿಕಾರಿ ಯಾರು? ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ಅಂದರೆ ನೀವು ಸಿಡಿಪಿಓ ಎನ್ನುವವರಿಗೇ, ಈ ಹೊಣೆಯಿದೆ. ನಿಮ್ಮ ಸ್ತ್ರೀಶಕ್ತಿ ಗುಂಪು ಕಟ್ಟಲು ನೆರವಾದ ಅಂಗನವಾಡಿ ಟೀಚರ್ ಅದೇ ಇಲಾಖೆಯವರು. ದಾರಿ ನಿಮ್ಮ ಅಂಗನವಾಡಿಯಿಂದಲೇ ಶುರುವಾಗುತ್ತದೆ.

ಈಗ ವಯಸ್ಸಾದವರ ಮಾತು. ‘ನೋಡಿಕೊಳ್ತೀವಿ’ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ಜಗಲಿಗೆ ತಳ್ಳುವುದುಂಟು. 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಇಂಥವರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದು ಮಾಡಿಸಬಹುದು. ಆದ್ದರಿಂದ ದಾನಪತ್ರದಲ್ಲಿ ಆ ಷರತ್ತನ್ನು ಬರೆಸದೆ ಹೆಬ್ಬೆಟ್ಟು ಒತ್ತಬೇಡಿ.

ಇಲ್ಲೊಂದು ಎಚ್ಚರಿಕೆ. ಅತ್ತೆಯ ರಕ್ಷಣೆಯ ಹೆಸರಿನಲ್ಲಿ ಸೊಸೆಯನ್ನು ಬೀದಿಗೆ ಹಾಕಲು ಈ ಕಾಯಿದೆಯನ್ನು ಬಳಸಿದ್ದೂ ಉಂಟು. ಬೆಂಗಳೂರಿನ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಡಿಸೆಂಬರ್ 15ರಂದು, ಹಿರಿಯರ ಕಾಯಿದೆಯನ್ನು ಮುಂದಿಟ್ಟು ಸೊಸೆಯ ವಾಸದ ಹಕ್ಕನ್ನು ಅಳಿಸಲಾಗದು ಎಂದು ತೀರ್ಪು ಕೊಟ್ಟಿತು. ಅತ್ತೆಯೂ ನಮ್ಮ ಗುಂಪಿನವಳೇ, ಸೊಸೆಯೂ ನಮ್ಮ ಗುಂಪಿನವಳೇ. ಒಬ್ಬಳನ್ನು ಕಾಯಲು ಇನ್ನೊಬ್ಬಳನ್ನು ಬಲಿ ಕೊಡಬೇಕಾಗಿಲ್ಲ.

ಇನ್ನು ನಮ್ಮ ಊರಿನ ರಾಜಿ ಪಂಚಾಯ್ತಿ. ಹತ್ತು ಜನ ಗಂಡಸರ ನಡುವೆ, ಗಂಡನ ಎದುರಿಗೇ ಅವಳನ್ನು ನಿಲ್ಲಿಸಿ ‘ಹೊಂದಿಕೊಂಡು ಹೋಗ್ತೀಯಾ’ ಎಂದರೆ ಆಕೆ ಇನ್ನೇನು ಹೇಳಿಯಾಳು? ತಲೆ ಆಡಿಸುತ್ತಾಳೆ, ರಾಜಿಯಾಯಿತು ಎಂದು ಎಲ್ಲರೂ ಏಳುತ್ತಾರೆ. ಆ ರಾತ್ರಿ ಏನಾಯಿತೆಂದು ಮರುದಿನ ಯಾರೂ ಕೇಳುವುದಿಲ್ಲ. ಅವಳು ಮನೆಗೆ ಮರಳಿದ್ದನ್ನೇ ನಾವು ಗೆಲುವು ಎಂದು ಎಣಿಸಿದ್ದೇವೆ. ಅವಳು ಸುರಕ್ಷಿತಳಾಗಿದ್ದಾಳೆಯೇ ಎಂಬುದೇ ನಮ್ಮ ಪ್ರಶ್ನೆಯಾಗಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು?

ಎರಡು ಸಭೆಗೆ ಬಾರದವಳ ಮನೆಗೆ ಇಬ್ಬರು ಹೋಗಬೇಕು. ಮನೆಯವರ ಎದುರು ಕೇಳಬಾರದು. ನೀರಿಗೋ ಹೊಲಕ್ಕೋ ಬಂದಾಗ ಒಬ್ಬಳನ್ನೇ ಮಾತಾಡಿಸಬೇಕು. ಅವಳು ಹೇಳಿದ್ದು ಊರ ಮಾತಾಗಬಾರದು. ಗಂಡನ ಮೇಲೆ ಕೂಡಲೇ ಜಗಳಕ್ಕೆ ಹೋಗಬಾರದು, ಆ ಸಿಟ್ಟು ಅವಳ ಮೇಲೇ ತಿರುಗುತ್ತದೆ. ಆಧಾರ್, ಪಾಸ್‌ಬುಕ್ಕು, ಒಡವೆಯ ರಸೀದಿ, ಆಸ್ಪತ್ರೆ ಚೀಟಿಗಳ ನಕಲು ನಂಬಿಕೆಯವರ ಹತ್ತಿರ ಇರಲಿ. ಏನು ಮಾಡಬೇಕೆಂಬುದು ಅವಳ ತೀರ್ಮಾನ, ಅವಳು ಮಗುವಲ್ಲ. ಆದರೆ ಜೀವಕ್ಕೇ ಅಪಾಯವೆಂದು ಕಂಡರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181, ಹಿರಿಯರಿಗೆ 14567, ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ.

ಕೊನೆಯದಾಗಿ ಒಂದು ಕಹಿ ಮಾತು. ಸಾಲದ ಪುಸ್ತಕದಲ್ಲಿ ‘ಮದುವೆ ಖರ್ಚು’ ಎಂದು ಬರೆದ ಹಣ ಎಷ್ಟೋ ಸಲ ವರದಕ್ಷಿಣೆಯಾಗಿ ಹೋಗುತ್ತದೆ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ನಾವು ಹತ್ತು ಹತ್ತು ರೂಪಾಯಿ ಕೂಡಿಸಿದ ದುಡ್ಡಿನಿಂದಲೇ ನಮ್ಮ ಮಗಳಿಗೆ ಬೆಲೆ ಕಟ್ಟುವುದು ಬೇಡ.

ಇಂದು ಏಳುವ ಮೊದಲು ಎರಡು ಠರಾವು ಬರೆಯಿರಿ: ವರದಕ್ಷಿಣೆಗೆ ಗುಂಪಿನ ಸಾಲವಿಲ್ಲ, ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದ ಕಡೆ, ‘ಯಾರು ಹೋಗಿ ನೋಡಿದರು’ ಎಂಬ ಇನ್ನೊಂದು ಕಾಲಂ ಇರಬೇಕು. ಆ ಕಾಲಂ ಖಾಲಿ ಬಿಡದಿರುವುದು ನಿಮ್ಮ ಕೈಯಲ್ಲಿದೆ.