ರೂಢಿಯ ತೀರ್ಪು

ನ್ಯಾಯಾಲಯದ ತೀರ್ಪಿಗೆ ಮೇಲ್ಮನವಿಯುಂಟು. ರೂಢಿಯ ತೀರ್ಪಿಗೆ ಅದೂ ಇಲ್ಲ. ಮಂಗಳೂರಿನ ವಕೀಲರಾದ ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಪಾಠಶಾಲೆಯೊಂದನ್ನು ತೆರೆದಾಗ ಯಾವ ಶಾಸನವನ್ನೂ ಉಲ್ಲಂಘಿಸಿರಲಿಲ್ಲ. ಆದರೂ ಸ್ವಜಾತೀಯರು ಅವರನ್ನು ಬಹಿಷ್ಕರಿಸಿದರು. ಬಡವರ ಪರವಾಗಿ ವಾದಿಸುತ್ತಿದ್ದ ಆ ವಕೀಲರಿಗೆ ತಮ್ಮ ಪರವಾಗಿ ವಾದಿಸಲು ಕಟಕಟೆಯೇ ಇರಲಿಲ್ಲವೆಂಬುದು ಎಂತಹ ವಿಪರ್ಯಾಸ! ಬರಿಯ ಅನುಕಂಪದಿಂದ ಹೊಟ್ಟೆ ತುಂಬದೆಂಬುದನ್ನು (ನಮ್ಮ ಅನೇಕ ಸುಧಾರಕರು ಮರೆಯುವ ಸಂಗತಿಯಿದು) ಚೆನ್ನಾಗಿ ಅರಿತಿದ್ದ ಅವರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅಕ್ಷರದೊಡನೆ ನೇಯ್ಗೆಯಂತಹ ಕಸುಬುಗಳನ್ನೂ ಕಲಿಸಿದರು. ಸಂವಿಧಾನವು ಜಾರಿಗೆ ಬಂದು ಅಸ್ಪೃಶ್ಯತೆಯು ನಿಷಿದ್ಧವಾದುದು 1950ರಲ್ಲಿ. ರಾಯರು ತೀರಿಕೊಂಡು ಆಗಲೇ 22 ವರ್ಷಗಳು ಸಂದಿದ್ದವು.