ಹಾಡು ನಮ್ಮದು, ಬರಹ ಯಾರದು?

(ಮಾಯಸಂದ್ರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಇವತ್ತು ನಾವು ಮಾತಾಡೋದು ಅಮೆರಿಕದ ಒಬ್ಬ ಕಪ್ಪು ಬರಹಗಾರನ ವಿಷಯ. ಹೆಸರು ಗ್ರೆಗ್ ಟೇಟ್. ಪತ್ರಿಕೆಗೆ ಹಾಡಿನ ಬಗ್ಗೆ ಬರೀತಿದ್ದವನು ಆಮೇಲೆ ತಾನೇ ಹಾಡು ಕಟ್ಟಿದ, ತಂಡ ಕಟ್ಟಿದ. ಮಾಯಸಂದ್ರದಲ್ಲಿ ಕೂತು ನ್ಯೂಯಾರ್ಕಿನವನ ಮಾತು ಯಾಕಪ್ಪ ಅಂತ ನಿಮಗನ್ನಿಸಬಹುದು. ಕಾರಣ ಇದೆ.

ನಮ್ಮ ಕಡೆಯ ಯಾವುದಾದರೂ ಜಾತ್ರೆ ತಗೊಳ್ಳಿ. ತಮಟೆ ಇಲ್ಲದೆ ದೇವರು ಗುಡಿಯಿಂದ ಆಚೆ ಬರಲ್ಲ. ಬಡಿಯೋರು ನಮ್ಮ ಹಟ್ಟಿಯವರು. ಮಾರನೇ ದಿನ ಪೇಪರ್‌ನಲ್ಲಿ ಸುದ್ದಿ ಬರುತ್ತೆ. ಯಾವ ಶಾಸಕರು ಬಂದರು, ಯಾವ ಸ್ವಾಮಿಗಳು ಬಂದರು, ಯಾರು ಎಷ್ಟು ಕಾಣಿಕೆ ಕೊಟ್ಟರು, ಎಲ್ಲಾ ಇರುತ್ತೆ. ರಾತ್ರಿಯೆಲ್ಲಾ ಬೆಂಕಿಗೆ ಕಾಯಿಸಿ ಕಾಯಿಸಿ ಬಡಿದವನ ಹೆಸರು ಇರಲ್ಲ. 'ವಾದ್ಯಮೇಳದೊಂದಿಗೆ' ಅನ್ನೋ ಒಂದು ಪದದಲ್ಲಿ ಅವನ ಕಥೆ ಮುಗೀತು. ಬಡಿಯೋನು ಒಬ್ಬ, ಬರೆಯೋನು ಇನ್ನೊಬ್ಬ. ಬಡಿಯೋನಿಗೆ ಊಟದ ಪಂಕ್ತಿ ಬೇರೆ, ಬರೆಯೋನಿಗೆ ಕುರ್ಚಿ. ಈ ಎರಡರ ನಡುವಿನ ಗೋಡೆಯನ್ನು ತನ್ನ ನಾಡಿನಲ್ಲಿ ಒಡೆದವರಲ್ಲಿ ಗ್ರೆಗ್ ಟೇಟ್ ಒಬ್ಬ. ಅದಕ್ಕೇ ಆತನ ಮಾತು.

ನೀವು ಮೊಬೈಲಿನಲ್ಲಿ ಕೇಳೋ ರ‍್ಯಾಪ್ ಇದೆಯಲ್ಲ, ಅದು ಹಿಪ್‌ಹಾಪ್ ಎಂಬ ಸಂಸ್ಕೃತಿಯ ಒಂದು ಭಾಗ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಕಪ್ಪು ಜನರು, ಪೋರ್ಟೊರಿಕೊ ಕಡೆಯ ಬಡವರು ತುಂಬಿದ್ದರು. 1970ರ ದಶಕದಲ್ಲಿ ಅಲ್ಲಿ ಕೆಲಸ ಇರಲಿಲ್ಲ. ಮಾಲೀಕರು ಕೈಬಿಟ್ಟ ಕಟ್ಟಡಗಳು ಸಾಲುಸಾಲಾಗಿ ಸುಟ್ಟು ಹೋಗುತ್ತಿದ್ದವು. ಅಂಥಾ ಕಡೆ 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳೋ ದುಡ್ಡಿಗಾಗಿ ತಮ್ಮ ವಠಾರದಲ್ಲೇ ಒಂದು ಪಾರ್ಟಿ ಇಟ್ಟಳು. ಅವಳ ಅಣ್ಣ ಕೂಲ್ ಹರ್ಕ್ ಜಮೈಕಾದಲ್ಲಿ ಹುಟ್ಟಿದವನು. ಅವತ್ತು ರೆಕಾರ್ಡ್ ಹಾಕಿದವನು ಅವನೇ. ಹಾಡಿನ ನಡುವೆ ಬರೀ ಡ್ರಮ್ ಬಡಿತ ಕೇಳುವ ತುಣುಕು ಇರುತ್ತಲ್ಲ, ಎರಡು ಪ್ಲೇಯರ್ ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ತಿರುಗಿಸೋದನ್ನು ಅವನು ರೂಢಿಗೆ ತಂದ. ವಾದ್ಯ ಕೊಳ್ಳಲು ದುಡ್ಡಿಲ್ಲದವರು ರೆಕಾರ್ಡ್ ಪ್ಲೇಯರನ್ನೇ ವಾದ್ಯ ಮಾಡಿಕೊಂಡರು. ಬಡಿತದ ಮೇಲೆ ಮಾತು ಬಂತು, ಮಾತಿಗೆ ಪ್ರಾಸ ಬಂತು. 1982ರಲ್ಲಿ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದ ಮೆಸೇಜ್' ಹೊರಬಿತ್ತು. ಕೇರಿಯ ಬದುಕು ಹೇಗಿದೆಯೋ ಹಾಗೇ ಹಾಡಿನಲ್ಲಿ ನಿಂತಿತು.

ದೊಡ್ಡವರು ಏನಂದರು? ಇದು ಸಂಗೀತವೇ ಅಲ್ಲ, ಗದ್ದಲ, ನಾಳೆಗೆ ಇರಲ್ಲ ಅಂದರು. ನಮ್ಮ ತಮಟೆಗೆ ಹೇಳಿದ ಮಾತೇ ತಾನೇ?

ಗ್ರೆಗ್ ಟೇಟ್ ಹುಟ್ಟಿದ್ದು 1957ರ ಅಕ್ಟೋಬರ್ 14ರಂದು, ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ. ತಾಯಿ ಫ್ಲಾರೆನ್ಸ್ ಟೇಟ್ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿದವರು. 1984ರಲ್ಲಿ ಜೆಸ್ಸಿ ಜಾಕ್ಸನ್ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧೆಗಿಳಿದಾಗ ಪತ್ರಿಕೆಗಳ ಜೊತೆಗಿನ ವ್ಯವಹಾರ ನೋಡಿಕೊಂಡವರು. ಅಂದರೆ ಹೋರಾಟಕ್ಕೆ ಘೋಷಣೆಯಷ್ಟೇ ಸುದ್ದಿಯೂ ಬೇಕು ಅನ್ನೋದು ಆ ಮನೆಯಲ್ಲಿ ಗೊತ್ತಿದ್ದ ವಿಷಯ. ಮಗ ಕಪ್ಪು ಜನರ ಹೆಸರಾಂತ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ, ಸಿನಿಮಾ ಓದಿದ. ಗಿಟಾರನ್ನು ಯಾರ ಹತ್ತಿರವೂ ಹೋಗದೆ ತಾನೇ ಕಲಿತ.

1981ರಿಂದ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ವಾರಪತ್ರಿಕೆಗೆ ಬರೆಯತೊಡಗಿದ. 1987ರಲ್ಲಿ ಅಲ್ಲಿ ಕಾಯಂ ಬರಹಗಾರನಾದ. ಬಿಳಿಯರೇ ಹೆಚ್ಚಾಗಿದ್ದ ಪತ್ರಿಕೆ ಅದು. ಅಲ್ಲಿ ಈತ ಕಾಲೇಜಿನಲ್ಲಿ ಓದಿದ ಸಿದ್ಧಾಂತದ ಮಾತು, ಬೀದಿಯ ಕಪ್ಪು ಜನರ ಆಡುಮಾತು ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೆದ. ಬೀದಿ ಮಾತನ್ನು ತಿದ್ದಿ ತೀಡಿ ಬಿಳಿಯರ ಇಂಗ್ಲಿಷ್ ಮಾಡಲಿಲ್ಲ. ನಮ್ಮ ಹಟ್ಟಿಯ ಮಾತಿಗೆ ತರಗತಿಯಲ್ಲಿ ನಗೋರು ಇದ್ದಾರಲ್ಲ, ಅವರಿಗೆ ಇದೇ ಉತ್ತರ. 1992ರಲ್ಲಿ ಆತನ ಲೇಖನಗಳ ಪುಸ್ತಕ ಬಂತು: 'ಫ್ಲೈಬಾಯ್ ಇನ್ ದ ಬಟರ್‌ಮಿಲ್ಕ್'. ಬಿಳಿಯರ ನಡುವೆ ಒಬ್ಬನೇ ಸಿಕ್ಕಿಬಿದ್ದ ಕಪ್ಪು ಮನುಷ್ಯನನ್ನು ಅಲ್ಲಿ ಮಜ್ಜಿಗೆಯಲ್ಲಿ ಬಿದ್ದ ನೊಣ ಅಂತಾರೆ. ಆ ಅವಮಾನದ ಮಾತನ್ನೇ ತಿರುಗಿಸಿ ಪುಸ್ತಕಕ್ಕೆ ಹೆಸರು ಮಾಡಿದ. ಮುಂದೆ ಹಿಪ್‌ಹಾಪ್ ಬಗ್ಗೆ ಬರೆಯೋರಿಗೆಲ್ಲ ಈತನೇ ಹಿರಿಯಣ್ಣ ಅಂತಾಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಟೇಟ್ ಬರೀ ಹೊಗಳುಭಟ್ಟನಾಗಿರಲಿಲ್ಲ. 1988ರಲ್ಲಿ 'ಪಬ್ಲಿಕ್ ಎನಿಮಿ' ತಂಡದ ಎರಡನೇ ಆಲ್ಬಂ ಬಂತು. ಕಪ್ಪು ಜನರ ಸಿಟ್ಟಿಗೆ ಅಂಥಾ ದನಿ ಹಿಂದೆ ಬಂದಿರಲಿಲ್ಲ. ಟೇಟ್ ಆ ಸಂಗೀತವನ್ನು ಮನಸಾರೆ ಮೆಚ್ಚಿದ. ಅದೇ ಬರಹದಲ್ಲಿ, ಹೆಂಗಸರನ್ನು ಕೀಳಾಗಿ ಕಾಣೋದು, ಯಹೂದಿಗಳ ಮೇಲೆ ದ್ವೇಷ ಕಾರೋದು ವಿಮೋಚನೆಯ ದಾರಿಯಲ್ಲ ಅಂತ ಅವರನ್ನು ತರಾಟೆಗೆ ತಗೊಂಡ. ತಂಡದವರಿಗೆ ಕೋಪ ಬಂತು. ಬರಲಿ. ನಮ್ಮವರ ಹಾಡನ್ನು ಹೊರಗಿನವರು ಬೈದರೆ ಅದು ತಿರಸ್ಕಾರ. ನಾವೇ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರೆ ಅದು ಮೋಸ. ನಮ್ಮವನೇ ಪ್ರೀತಿಯಿಂದ ತಪ್ಪು ತೋರಿಸಿದರೆ ಅದು ಚಳವಳಿಗೆ ಬಲ. ನಮ್ಮ ಸಭೆಗಳಲ್ಲಿ ಹಾಡೋ ಹಾಡುಗಳಲ್ಲಿ ಹಟ್ಟಿಯ ಹೆಣ್ಣುಮಗಳು ಬರೀ ಅಳುವವಳಾಗಿ, ಮಾನ ಕಳಕೊಂಡವಳಾಗಿ ಮಾತ್ರ ಬರುತ್ತಾಳೆ. ದುಡಿಯುವವಳಾಗಿ, ತಿರುಗಿ ನಿಲ್ಲುವವಳಾಗಿ ಎಷ್ಟು ಹಾಡಿನಲ್ಲಿ ಬಂದಿದ್ದಾಳೆ? ಈ ಪ್ರಶ್ನೆಯನ್ನು ನಮ್ಮ ತಂಗಿಯರು ಕೇಳಬೇಕು, ಹುಡುಗರು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು.

ಇನ್ನೊಂದು ಕೆಲಸ. ಅಮೆರಿಕದ ಕಂಪನಿಗಳು 'ರಾಕ್ ಸಂಗೀತ ಬಿಳಿಯರದು, ಕರಿಯರು ಅದನ್ನು ನುಡಿಸಿದರೆ ಯಾರೂ ಕೊಳ್ಳಲ್ಲ' ಅಂತ ಗೆರೆ ಎಳೆದಿದ್ದವು. ಆ ರಾಕ್ ಹುಟ್ಟಿದ್ದೇ ಕಪ್ಪು ಜನರ ಬ್ಲೂಸ್ ಹಾಡಿನಿಂದ! 1985ರಲ್ಲಿ ಟೇಟ್, ಗಿಟಾರ್ ವಾದಕ ವರ್ನನ್ ರೀಡ್, ಕೊಂಡಾ ಮೇಸನ್ ಮುಂತಾದವರು ಸೇರಿ 'ಬ್ಲ್ಯಾಕ್ ರಾಕ್ ಕೊಯಲಿಷನ್' ಎಂಬ ಸಂಘಟನೆ ಕಟ್ಟಿದರು. ನಾವು ಏನು ನುಡಿಸಬೇಕು ಅನ್ನೋದನ್ನು ನೀವು ಹೇಳಬೇಡಿ ಅನ್ನೋದು ಅವರ ಮಾತಿನ ತಿರುಳು. ನಮಗೂ ಇದು ಬೇಕು. ತಮಟೆ ನಮ್ಮದು ಅಂತ ಹೆಮ್ಮೆ ಪಡೋದು ಬೇರೆ. ತಮಟೆ ಬಿಟ್ಟು ಬೇರೇನೂ ನಿಮ್ಮದಲ್ಲ ಅಂತ ಅವರು ಹೇಳೋದು ಬೇರೆ. ವೀಣೆಯೂ ನಮ್ಮದಾಗಬಹುದು, ಗಿಟಾರೂ ನಮ್ಮದಾಗಬಹುದು.

1999ರಲ್ಲಿ ಟೇಟ್ 'ಬರ್ನ್ಟ್ ಶುಗರ್' ಎಂಬ ತಂಡ ಕಟ್ಟಿದ. ಸುಟ್ಟ ಸಕ್ಕರೆ ಅಂತ ಅರ್ಥ. ಹತ್ತಾರು ಕಲಾವಿದರು. ಜಾಜ್, ರಾಕ್, ಫಂಕ್, ಹಿಪ್‌ಹಾಪ್ ಎಲ್ಲಾ ಒಂದೇ ವೇದಿಕೆಯಲ್ಲಿ. ಬಚ್ ಮಾರಿಸ್ ಎಂಬ ಸಂಗೀತಗಾರ ರೂಪಿಸಿದ ಕೈಸನ್ನೆಯ ಪದ್ಧತಿಯನ್ನು ಟೇಟ್ ಬಳಸಿದ. ಎದುರಿಗೆ ಬರೆದಿಟ್ಟ ಸ್ವರ ಬೇಕಿಲ್ಲ. ಮುಂದೆ ನಿಂತವನು ಕೈ ತೋರಿಸಿದಂತೆ ಹಾಡು ಆ ಹೊತ್ತಿಗೇ ಹುಟ್ಟುತ್ತೆ. ನಮ್ಮ ತಮಟೆ ಮೇಳದಲ್ಲಿ ಮುಂದಿನವನು ಕಣ್ಣು ಹಾಯಿಸಿದರೆ ಹಿಂದಿನ ನಾಲ್ವರೂ ವರಸೆ ಬದಲಾಯಿಸಲ್ವೇ? ಹಾಗೇ ಅಂದುಕೊಳ್ಳಿ.

1981ರಲ್ಲಿ ಬರವಣಿಗೆ, 1999ರಲ್ಲಿ ಈ ತಂಡ. ನಡುವೆ ಹದಿನೆಂಟು ವರ್ಷ. ಗಿಟಾರ್ ಕೈಬಿಟ್ಟಿರಲಿಲ್ಲ, ಆದರೆ ಅಷ್ಟು ವರ್ಷ ಮುಖ್ಯ ಕೆಲಸ ಇನ್ನೊಬ್ಬರ ಹಾಡಿಗೆ ಕಿವಿಗೊಟ್ಟು ಬರೆಯೋದು. ಕೊಬ್ಬರಿ ಸೀಮೆಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಬೇಕು. ಒಳಗಿನ ನೀರು ಬತ್ತಿ, ಗಿಟುಕು ಚಿಪ್ಪಿನಿಂದ ಬಿಟ್ಟಾಗಲೇ ಕೊಬ್ಬರಿ. ಇವತ್ತು ಕೆಡವಿ ನಾಳೆ ತಿಪಟೂರಿಗೆ ಒಯ್ದರೆ ಯಾರು ತಗೊಳ್ತಾರೆ?

ಟೇಟ್ 2021ರ ಡಿಸೆಂಬರ್ 7ರಂದು ತೀರಿಕೊಂಡ. 64 ವರ್ಷ. 2024ರಲ್ಲಿ ಪುಲಿಟ್ಜರ್ ಪ್ರಶಸ್ತಿ ಮಂಡಳಿ ಆತನಿಗೆ ಮರಣೋತ್ತರ ವಿಶೇಷ ಗೌರವ ಕೊಟ್ಟಿತು. ಗದ್ದಲ ಅಂದಿದ್ದ ಸಂಗೀತದ ಬಗ್ಗೆ ಬರೆದವನಿಗೆ ಅಲ್ಲಿನ ಪತ್ರಿಕೋದ್ಯಮದ ಅತಿ ದೊಡ್ಡ ಗೌರವ!

ಅದೇ 2021ರ ಜೂನ್ 11ರಂದು ನಾವು ಸಿದ್ಧಲಿಂಗಯ್ಯನವರನ್ನು ಕೊರೊನಾಗೆ ಕಳಕೊಂಡೆವು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಂಪುರದ ಕೇರಿಯಲ್ಲಿ ಬೆಳೆದು, ನಿಮ್ಮ ಹಾಗೇ ಹಾಸ್ಟೆಲ್ಲಿನಲ್ಲಿ ಓದಿದವರು. 1973ರ ನವೆಂಬರ್‌ನಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ರಾಜ್ಯವೆಲ್ಲಾ ಗಲಾಟೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ಪದವಿಯೂ ಹೋಯಿತು. ಆ ಬೇಗೆಯ ಹಿಂದೆಯೇ, 1975ರಲ್ಲಿ, 'ಹೊಲೆಮಾದಿಗರ ಹಾಡು' ಬಂತು. ಪುಸ್ತಕ ಓದಲು ಬಾರದವರೂ ಆ ಹಾಡುಗಳನ್ನು ಬಾಯಲ್ಲಿ ಇಟ್ಟುಕೊಂಡರು. ಟೇಟ್ ಬರಹದಿಂದ ಹಾಡಿಗೆ ಹೋದರೆ, ಇವರು ಹಾಡಿನಿಂದ ಗದ್ಯಕ್ಕೆ ಬಂದು 'ಊರು ಕೇರಿ' ಬರೆದರು. 1983ರಲ್ಲಿ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಸಿನಿಮಾಕ್ಕೆ ಪ್ರೀತಿಯ ಹಾಡೂ ಬರೆದರು. ಹೋರಾಟದ ಕವಿ ಪ್ರೀತಿಯ ಹಾಡು ಬರೀಬಹುದೇ? ಯಾಕೆ ಬರೀಬಾರದು? ಬೆಳದಿಂಗಳು ಯಾರ ಜಮೀನೂ ಅಲ್ಲ.

ಬಾಬಾಸಾಹೇಬರು ಮೊದಲು ಮಾಡಿದ ಕೆಲಸಗಳಲ್ಲಿ ಪತ್ರಿಕೆ ಒಂದು ಅನ್ನೋದನ್ನು ಮರೀಬೇಡಿ. 1920ರ ಜನವರಿ 31ರಂದು 'ಮೂಕನಾಯಕ'. ಆಮೇಲೆ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ಮಾತು ಬಾರದವರ ನಾಯಕ ಅಂತ ಪತ್ರಿಕೆಗೇ ಹೆಸರಿಟ್ಟರು.

ಬರಹ ನಮ್ಮ ಕೈಲಿ ಇಲ್ಲದಿದ್ದರೆ ಏನಾಗುತ್ತೆ? ದೂರ ಬೇಡ, ಪಕ್ಕದ ತಮಿಳುನಾಡು ನೋಡಿ. ಅರಕ್ಕೋಣಂನ ಅರಿವು ಎಂಬ ದಲಿತ ಯುವಕ ಚೆನ್ನೈನಲ್ಲಿ ಶುರುವಾದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ ಹಾಡಿ ಬಂದವನು. 2021ರ ಮಾರ್ಚ್‌ನಲ್ಲಿ ಅವನು ಬರೆದು, ಗಾಯಕಿ ಧೀ ಜೊತೆ ಹಾಡಿದ 'ಎಂಜಾಯ್ ಎಂಜಾಮಿ' ದೇಶವೆಲ್ಲಾ ಕೇಳಿತು. ಸಿಂಹಳದ ಚಹಾ ತೋಟದಲ್ಲಿ ದುಡಿದು ಬರಿಗೈಲಿ ಬಂದ ತನ್ನ ಅಜ್ಜಿಯ ಬದುಕನ್ನು ಅದರಲ್ಲಿ ತಂದಿದ್ದ. ಅದೇ ವರ್ಷ ಆಗಸ್ಟ್‌ನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಪತ್ರಿಕೆ ಮುಖಪುಟ ಮಾಡಿತು. ಜೊತೆಗೆ ಹಾಡಿದವರ ಮುಖ ಇತ್ತು, ಬರೆದವನ ಮುಖ ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಕೇಳಿದರು, ಜನ ಕೇಳಿದರು. ಆಮೇಲೆ ಅರಿವು ಇರುವ ಇನ್ನೊಂದು ಮುಖಪುಟ ಬಂತು. ಕೇಳೋರು ಇದ್ದದ್ದಕ್ಕೆ ಬಂತು. ನಮ್ಮ ಜಾತ್ರೆಯ ತಮಟೆಯವನ ಪರವಾಗಿ ಯಾರು ಕೇಳಿದ್ದಾರೆ?

ಆದ್ದರಿಂದ ಗೆಳೆಯರೇ, ನಾವು ಹೇಳೋದು ಇಷ್ಟೇ. ಹಾಡು ನಮ್ಮದು, ಬರಹ ಅವರದು ಅಂತಾದರೆ ನಾಳೆ ಹಾಡೂ ಅವರದಾಗುತ್ತೆ. ರ‍್ಯಾಪ್ ಮಾಡಬೇಕು ಅನ್ನೋ ಆಸೆ ನಿಮ್ಮಲ್ಲಿ ಹಲವರಿಗಿದೆ. ಮಾಡಿ. ಮೊದಲು ವರದಿ ಬರೆಯಿರಿ. ಕೊಬ್ಬರಿ ಧಾರಣೆ ಪೇಪರ್‌ನಲ್ಲಿ ಬರುತ್ತೆ, ಕಾಯಿ ಸುಲಿಯೋನ ಕೂಲಿ ಬರಲ್ಲ. ಸಾವಿರ ಕಾಯಿ ಸುಲಿದರೆ ಕೈಗೆಷ್ಟು? ಮರದಿಂದ ಬಿದ್ದವನ ಮನೆಗೆ ಯಾರು ಹೋದರು, ಏನು ಕೊಟ್ಟರು? ಹೋಗಿ ಕೇಳಿ, ತಾರೀಖು ಹಾಕಿ ಬರೆಯಿರಿ. ಹಟ್ಟಿಯ ಹಿರಿಯರನ್ನು ಕೂರಿಸಿಕೊಂಡು ತಮಟೆಯ ಒಂದೊಂದು ವರಸೆಗೂ ಅವರೇನು ಹೆಸರು ಹೇಳ್ತಾರೆ, ಯಾರಿಂದ ಕಲಿತರು ಅಂತ ಕೇಳಿ ಬರೆಯಿರಿ. ಅವ್ವಂದಿರು ನಾಟಿ ಹಾಕುವಾಗ ಹೇಳೋ ಪದಗಳನ್ನು ಹಾಡಿದವರ ಹೆಸರಿನ ಸಮೇತ ಬರೆಯಿರಿ. ಒಂದೊಂದು ಹಾಸ್ಟೆಲ್ಲಿಗೂ ಒಂದು ಗೋಡೆ ಪತ್ರಿಕೆ ಇರಲಿ, ಹೆಣ್ಣುಮಕ್ಕಳ ಹಾಸ್ಟೆಲ್ಲಿನದು ಅವರದೇ ಸಂಪಾದಕತ್ವದಲ್ಲಿ ಇರಲಿ. ಅಂಟಿಸೋಕೆ ಮೈದಾ ಅಂಟು, ಒಂದು ಹಾಳೆ ಸಾಕು.

ಇದನ್ನೆಲ್ಲಾ ಬರೆದ ಕೈಯಿಂದ ಹಾಡು ಬಂದರೆ ಅದನ್ನು ಗದ್ದಲ ಅಂತ ತಳ್ಳಿಹಾಕೋದು ಕಷ್ಟ. ಯಾಕಂದರೆ ಅದರಲ್ಲಿ ಹೆಸರಿರುತ್ತೆ, ಊರಿರುತ್ತೆ, ಕೂಲಿಯ ಲೆಕ್ಕ ಇರುತ್ತೆ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದೊಂದು ಹಾಳೆ ಬರೆದು ತನ್ನಿ. ಓದೋಣ, ಜಗಳ ಆಡೋಣ, ಆಮೇಲೆ ತಮಟೆ ಕಾಯಿಸೋಣ.

ಜೈ ಭೀಮ್.